ನಾನು ಬರೆಯದ ಮುಕ್ತಾಯ

ಈಗಲೂ ಯಾರಾದರೂ ನನ್ನನ್ನು ‘ರೋಸಿನ ಕತೆ ಬರೆದ ಬಾಯಮ್ಮ’ ಎಂದು ಗುರುತಿಸಿದರೆ ಮೈ ಉರಿಯುತ್ತದೆ. ಬಂಟ್ವಾಳದ ಬಸ್ಸಿನಲ್ಲಿ, ಸಿದ್ಧಕಟ್ಟೆ ಪೇಟೆಯಲ್ಲಿ, ಮದುವೆಮನೆಯ ಚಪ್ಪರದಲ್ಲಿ ಹೀಗೆ ಗುರುತಿಸಿದವರು ಬೇಕಾದಷ್ಟು ಮಂದಿ. ಪಾಪ, ಹೊಗಳಲಿಕ್ಕೆಂದೇ ಬರುತ್ತಾರೆ. ‘ಕೊನೆ ಎಷ್ಟು ಚಂದ ಬರೆದಿದ್ದೀರಿ, ಓದಿ ಕಣ್ಣಲ್ಲಿ ನೀರು ಬಂತು’ ಎನ್ನುತ್ತಾರೆ. ನಾನು ಹಲ್ಲು ಕಚ್ಚಿಕೊಂಡು ನಗುತ್ತೇನೆ. ಆ ಕೊನೆ ನನ್ನದಲ್ಲ. ನನ್ನದಲ್ಲ ಎಂದು ಹೇಳಿ ಹೇಳಿ ಸಾಕಾಗಿ ಈಗ ಬರೆದೇ ಬಿಡುತ್ತಿದ್ದೇನೆ. ಓದಿದವರು ನಂಬಿದರೆ ನಂಬಲಿ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಬೆಳ್ತಂಗಡಿಯ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೆ. ವಾರವಿಡೀ ಅಲ್ಲೇ ಒಂದು ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಮಧ್ಯಾಹ್ನ ಸಿದ್ಧಕಟ್ಟೆಯ ಕಡೆಯ ನಮ್ಮ ಮನೆಗೆ ಬರುತ್ತಿದ್ದೆ. ಮನೆಯಲ್ಲಿ ತಾಯಿ ಮತ್ತು ತಂಗಿ. ನಾವು ಕೊಂಕಣಿ ಮಾತಾಡುವ ಕಥೋಲಿಕರು. ಮನೆಯೊಳಗೆ ಕೊಂಕಣಿ, ಅಂಗಳ ದಾಟಿದರೆ ತುಳು, ಶಾಲೆಯಲ್ಲಿ ಕನ್ನಡ. ಮನೆಯವರ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ; ತಾಯಿಗೆ ‘ಮಾಂಯ್’, ಮಕ್ಕಳಿಗೆ ‘ಪುತಾ’ ಎಂಬ ಕರೆಗಳನ್ನು ಮಾತ್ರ ಹಾಗೇ ಬಿಡುತ್ತೇನೆ. ನಾನು ಕತೆ ಬರೆಯುತ್ತಿದ್ದದ್ದೂ ಕನ್ನಡದಲ್ಲೇ, ಯಾಕೆಂದರೆ ಅಕ್ಷರ ಕಲಿತದ್ದು ಅದರಲ್ಲಿ.

ಅದಕ್ಕೆ ಎರಡು ಕಡೆಯಿಂದಲೂ ಮಾತು ಕೇಳಬೇಕಾಗುತ್ತಿತ್ತು. ನಮ್ಮ ಇಗರ್ಜಿಯ ಜನ, ‘ಬರೆಯುವುದಾದ್ರೆ ಕೊಂಕಣಿಯಲ್ಲಿ ಬರಿ, ಕನ್ನಡ ಯಾರಿಗೆ?’ ಎನ್ನುತ್ತಿದ್ದರು. ಒಮ್ಮೆ ಬಂಟ್ವಾಳದಲ್ಲಿ ಕನ್ನಡದವರ ಸಭೆಯೊಂದಕ್ಕೆ ಕರೆದಿದ್ದರು. ಅಧ್ಯಕ್ಷತೆ ವಹಿಸಿದ್ದ ವಕೀಲರು ಎದ್ದು ನಿಂತು, ‘ಪೊರ್ಬುಗಳ ಮನೆಯವರಾದ್ರೂ ಎಷ್ಟು ಶುದ್ಧ ಕನ್ನಡ ನೋಡಿ’ ಎಂದರು. ಪೊರ್ಬುಗಳೆಂದರೆ ತುಳುವಿನಲ್ಲಿ ನಾವು, ಕಥೋಲಿಕರು. ಗಿಳಿ ಮಾತಾಡಿತೆಂದು ಚಪ್ಪಾಳೆ ತಟ್ಟುವ ಹಾಗೆ ಜನ ತಟ್ಟಿದರು. ಆಮೇಲೆ ಕಾಫಿ ಕುಡಿಯುವಾಗ ಅದೇ ವಕೀಲರು ಹತ್ತಿರ ಬಂದು, ‘ಕತೆಯಲ್ಲಿ ಇಗರ್ಜಿ, ಜಪಮಾಲೆ ಎಲ್ಲ ಸ್ವಲ್ಪ ಕಡಿಮೆ ಮಾಡಿದ್ರೆ ಎಲ್ಲರೂ ಓದಬಹುದು’ ಎಂದು ಬುದ್ಧಿ ಹೇಳಿದರು. ಅವರ ಸಭೆಯಲ್ಲಿ ಓದಿದ ಕತೆಗಳಲ್ಲೆಲ್ಲ ದೇವಸ್ಥಾನದ ಗಂಟೆ ಬಾರಿಸುತ್ತಲೇ ಇತ್ತು. ಅದನ್ನು ಕಡಿಮೆ ಮಾಡಿ ಎಂದು ನಾನು ಹೇಳಲಿಲ್ಲ. ಹೇಳಬೇಕಿತ್ತು.

ಹಾಗಾಗಿ ನನಗೆ ಉಳಿದದ್ದು ಒಂದೇ ಜಾಗ, ನಮ್ಮ ಇಗರ್ಜಿಗಳಿಗೆ ಬರುತ್ತಿದ್ದ ಕನ್ನಡ ಮಾಸಪತ್ರಿಕೆ. ಅದರ ಹೆಸರು ಬರೆಯುವುದಿಲ್ಲ. ಸಂಪಾದಕರು ಒಬ್ಬರು ಪಾದ್ರಿಗಳು. ಮುಖಪುಟದ ಮೇಲೆ ಶಿಲುಬೆ, ಅದರ ಕೆಳಗೆ ‘ಬಿಷಪರ ಒಪ್ಪಿಗೆಯಿಂದ’ ಎಂಬ ಸಾಲು. ಆದಿತ್ಯವಾರದ ಪೂಜೆ ಮುಗಿಸಿ ಹೊರಗೆ ಬರುವಾಗ ಬಾಗಿಲಲ್ಲಿ ಕೊಡುತ್ತಿದ್ದರು. ನನ್ನ ತಾಯಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತರುತ್ತಿದ್ದಳು.

ತಾಯಿ ಮೂರನೆಯ ಕ್ಲಾಸಿನವರೆಗೆ ಓದಿದವಳು. ಅಕ್ಷರದ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದುವಳು. ಆ ಪತ್ರಿಕೆಯಲ್ಲಿ ಅಚ್ಚಾದದ್ದೆಲ್ಲ ಅವಳಿಗೆ ಪ್ರಸಂಗಪೀಠದ ಮೇಲಿಂದ ಬಂದ ಮಾತು. ಬರೆದದ್ದು ಮಗಳು ಎಂಬುದು ದೊಡ್ಡ ವಿಷಯವೇ ಅಲ್ಲ. ಒಂದು ಬೇಸಿಗೆಯಲ್ಲಿ ನಾನು ಬಾವಿಯ ಬಗ್ಗೆ ಕತೆ ಬರೆದೆ. ನೀರಿಲ್ಲದ ಕಾಲದಲ್ಲಿ ಒಬ್ಬಳು ಹೆಂಗಸು ಎಲ್ಲ ಜಾತಿಯವರಿಗೂ ತನ್ನ ಬಾವಿ ಬಿಟ್ಟುಕೊಡುತ್ತಾಳೆ, ಅಷ್ಟೇ. ಅದಕ್ಕಿಂತ ಮೊದಲು ನಾನು ವರ್ಷಗಟ್ಟಲೆ ಬಾಯಿಬಿಟ್ಟು ಹೇಳಿದ್ದರೂ ಕಿವಿಗೆ ಹಾಕಿಕೊಳ್ಳದ ತಾಯಿ, ಅದು ಅಚ್ಚಾಗಿ ಬಂದ ಮರುದಿನ, ಅಲ್ಲಿಯವರೆಗೆ ಬಾವಿಯ ಹತ್ತಿರ ಬಿಡದಿದ್ದ ಕೆಳಗಿನ ಗುಡ್ಡೆಯವರನ್ನು ಕರೆದು, ‘ನಮ್ಮ ಬಾವಿಯಿಂದ ಸೇದಿಕೊಳ್ಳಿ’ ಎಂದಳು. ‘ಪತ್ರಿಕೆಯಲ್ಲಿ ಬಂದಿದೆ’ ಎಂದು ನನಗೇ ತೋರಿಸಿದಳು! ನಗು ಬಂತು. ಆದರೆ ನನ್ನ ಕೈಯಲ್ಲಿ ಏನಿದೆ ಎಂದು ಅಂದು ಗೊತ್ತಾಯಿತು.

ಈಗ ರೋಸಿನ ವಿಷಯ. ನಮ್ಮಲ್ಲಿ ಮದುವೆಯ ಹಿಂದಿನ ದಿನ ಮದುಮಗಳನ್ನು ಚಪ್ಪರದಲ್ಲಿ ಕೂರಿಸಿ ತಲೆಗೆ ತೆಂಗಿನ ಹಾಲು ಹೊಯ್ಯುತ್ತಾರೆ, ಎಣ್ಣೆ ಹಚ್ಚುತ್ತಾರೆ. ಅದೇ ರೋಸ್. ಹೆಂಗಸರು ಹಾಡುತ್ತಾರೆ. ಮೊದಲು ಹೆತ್ತವರು, ಆಮೇಲೆ ಬಂಧುಗಳು, ನೆರೆಕರೆಯವರು. ಹುಡುಗಿಗೆ ಅದು ತವರಿನ ಕೊನೆಯ ಸ್ನಾನ. ಆದರೆ ತಾಯಿ ವಿಧವೆಯಾದರೆ ಅವಳು ಹೊಯ್ಯುವಂತಿಲ್ಲ, ಹಾಡಿನ ಮುಂದಾಳುವಾಗುವಂತಿಲ್ಲ, ಎದುರಿಗೂ ಬರಬಾರದು. ಯಾವ ಪವಿತ್ರ ಪುಸ್ತಕದಲ್ಲೂ ಇಲ್ಲದ ಕಟ್ಟಳೆ. ಧರ್ಮ ಬದಲಾಯಿಸಿ ತಲೆತಲಾಂತರ ಕಳೆದರೂ ಇದೊಂದನ್ನು ನಮ್ಮ ಜನ ಭದ್ರವಾಗಿ ಕಟ್ಟಿಕೊಂಡು ಬಂದಿದ್ದಾರೆ.

ನನ್ನ ತಂದೆ ಜ್ವರದಲ್ಲಿ ಹೋದಾಗ ನಾನು ಹುಡುಗಿ, ತಂಗಿ ಇನ್ನೂ ತೊಟ್ಟಿಲಲ್ಲಿ. ಆಮೇಲೆ ನಮ್ಮನ್ನು ಸಾಕಿದ್ದು ತಾಯಿ. ಗೇಣಿಯ ಗದ್ದೆಯಲ್ಲಿ ನೇಜಿ ನೆಟ್ಟಳು, ಹಂದಿ ಸಾಕಿದಳು, ಬಸಳೆ ಕಟ್ಟಿಕೊಂಡು ಬಂಟ್ವಾಳದವರೆಗೆ ನಡೆದು ಮಾರಿದಳು. ಗಂಡಸರ ಹತ್ತಿರ ಗಂಡಸಿನ ಹಾಗೆಯೇ ಜಗಳ ಮಾಡಿ ನನ್ನನ್ನು ಟೀಚರ್ ಟ್ರೈನಿಂಗಿಗೆ ಕಳಿಸಿದಳು. ಅಂಥವಳು ನೆಂಟರ ರೋಸಿಗೆ ಹೋದರೆ ಹಾಲಿನ ಬಟ್ಟಲು ಹೊರಗೆ ಬರುವ ಹೊತ್ತಿಗೆ ಸರಿಯಾಗಿ ನನ್ನ ಸೋದರತ್ತೆ, ‘ಅತ್ತಿಗೆ, ಒಳಗೆ ಅನ್ನ ಆಯ್ತಾ ನೋಡು’ ಎನ್ನುತ್ತಿದ್ದಳು. ತಾಯಿ ನಗುತ್ತಾ ಏಳುತ್ತಿದ್ದಳು. ಅನ್ನ ಯಾವತ್ತೂ ಆಗಿಯೇ ಇರುತ್ತಿತ್ತು. ಇನ್ನು ಆ ಅತ್ತೆಯ ಯೋಗ್ಯತೆ ಏನೆಂದರೆ ಗಂಡ ಬದುಕಿದ್ದಾನೆ ಎಂಬುದು ಮಾತ್ರ. ಅವನು ಘಟ್ಟದ ಮೇಲೆ ಕಾಫಿ ತೋಟದಲ್ಲಿ ಬೇರೊಂದು ಸಂಸಾರ ಹೂಡಿಕೊಂಡು, ಮನಸ್ಸು ಬಂದಾಗ ವರ್ಷಕ್ಕೊಮ್ಮೆ ಮುಖ ತೋರಿಸುತ್ತಿದ್ದ. ಆದರೂ ಎಲ್ಲರ ಮನೆಯ ರೋಸಿನಲ್ಲಿ ಮುಂದೆ ನಿಂತು ಹಾಲು ಹೊಯ್ಯುವ ಭಾಗ್ಯ ಅವಳದು!

ತಂಗಿಗೆ ಕೊಕ್ಕಡದ ಕಡೆಯ ಹುಡುಗ ಗೊತ್ತಾದ. ಮದುವೆ ಪಾಸ್ಕ ಹಬ್ಬ, ಎಂದರೆ ಈಸ್ಟರ್, ಕಳೆದ ಮೇಲೆ. ನಾನು ತಾಯಿಗೆ ನೇರವಾಗಿಯೇ ಹೇಳಿದೆ:

“ಇವಳ ರೋಸಿಗೆ ಮೊದಲು ನೀನು ಹೊಯ್ಯಬೇಕು.”

“ಹುಚ್ಚು ಮಾತಾಡ್ಬೇಡ ಪುತಾ. ಪದ್ಧತಿ ಇಲ್ಲ.”

“ಪದ್ಧತಿಯಾ? ಇವಳನ್ನು ಹೆತ್ತದ್ದು ಪದ್ಧತಿಯಾ ನೀನಾ?”

“ನನ್ನ ಕೈ ತಾಗಿ ನಾಳೆ ಅವಳಿಗೂ ನನ್ನ ಹಾಗೆ ಆದ್ರೆ?” ಎಂದಳು ತಾಯಿ. ಅದನ್ನು ಹೇಳುವಾಗ ಅವಳ ಸ್ವರ ಅಷ್ಟು ಸಣ್ಣದಾಯಿತು. ಪೇಟೆಯ ದಲ್ಲಾಳಿಗಳನ್ನು ಬೈದು ಓಡಿಸುವ ಹೆಂಗಸು, ತನ್ನ ಎರಡು ಕೈಗಳಿಗೆ ಹೆದರಿ ಕೂತಿದ್ದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಹೆದರಿಕೆಯನ್ನು ಅವಳೊಳಗೆ ತುಂಬಿದವರೆಲ್ಲರ ಮೇಲೆ ಸಿಟ್ಟು.

ಬಾಯಿಮಾತಿಗೆ ಬಗ್ಗುವವಳಲ್ಲ ಎಂದು ಗೊತ್ತಿತ್ತು. ಬಾವಿಯ ಕತೆ ನೆನಪಿತ್ತು. ಹಾಗಾಗಿ ರೋಸಿನ ಕತೆ ಬರೆದೆ. ಸಾಹಿತ್ಯಕ್ಕಾಗಿ ಅಲ್ಲ, ಹೆಸರಿಗಾಗಿಯೂ ಅಲ್ಲ, ಒಬ್ಬಳೇ ಒಬ್ಬಳು ಓದುವವಳಿಗಾಗಿ. ಕತೆಯಲ್ಲಿ ಒಬ್ಬ ವಿಧವೆ, ಅವಳಿಗೆ ಒಬ್ಬಳೇ ಮಗಳು. ರೋಸಿನ ದಿನ ಎಲ್ಲರೂ ಅವಳನ್ನು ಒಳಗೆ ಕಳಿಸುತ್ತಾರೆ. ಮಗಳು ಪೀಠದ ಮೇಲಿಂದ ಏಳದೆ, ‘ಅಮ್ಮ ಬಾರದೆ ನನಗೆ ರೋಸ್ ಇಲ್ಲ’ ಎಂದು ಹಟ ಹಿಡಿಯುತ್ತಾಳೆ. ಕೊನೆಗೆ ತಾಯಿ ಹೊರಗೆ ಬರುತ್ತಾಳೆ, ಬಟ್ಟಲು ಎತ್ತುತ್ತಾಳೆ, ಹೊಯ್ಯುತ್ತಾಳೆ. ಆಕಾಶವೇನೂ ಕಳಚಿ ಬೀಳುವುದಿಲ್ಲ. ಅಂಗಳದ ನಾಯಿ ಕೂಡ ಏಳುವುದಿಲ್ಲ. ಆ ನಾಯಿಯ ಸಾಲಿನಲ್ಲಿ ಕತೆ ಮುಗಿಸಿದ್ದೆ. ಕಳಿಸುವ ಮೊದಲು ತಂಗಿಗೆ ಓದಿ ಹೇಳಿದೆ. ಅವಳು ಹಿತ್ತಲಲ್ಲಿ ಮೀನು ಕೊಯ್ಯುತ್ತಿದ್ದಳು. ಕತ್ತಿ ಕೆಳಗಿಟ್ಟು ಕೇಳಿ, “ಇದನ್ನು ಪತ್ರಿಕೆಯಲ್ಲಿ ಓದಿದ್ರೆ ಮಾಂಯ್ ಖಂಡಿತ ಹೊಯ್ತಾಳೆ ಅಕ್ಕ” ಎಂದಳು.

ಪಾಸ್ಕಕ್ಕೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಸುರುವಾಗುವ ಮೊದಲಿನ ಸಂಚಿಕೆಯಲ್ಲಿ ಅದು ಅಚ್ಚಾಯಿತು. ನನ್ನ ಪ್ರತಿ ಬೆಳ್ತಂಗಡಿಯ ಶಾಲೆಗೆ ಅಂಚೆಯಲ್ಲಿ ಬಂದದ್ದು ಸೋಮವಾರ. ಮಧ್ಯಾಹ್ನದ ಬಿಡುವಿನಲ್ಲಿ ಬಿಚ್ಚಿದೆ. ಕತೆ ಪೂರ್ತಿ ನನ್ನದೇ, ಒಂದು ಪದ ಆಚೀಚೆ ಇಲ್ಲ. ಮಗಳು ಹಟ ಹಿಡಿಯುತ್ತಾಳೆ, ತಾಯಿ ಹೊರಗೆ ಬರುತ್ತಾಳೆ, ಬಟ್ಟಲಿಗೆ ಕೈ ಚಾಚುತ್ತಾಳೆ. ಅಲ್ಲಿಂದ ಮುಂದೆ ಹೀಗಿತ್ತು:

‘ಆದರೆ ಆ ತಾಯಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ನನ್ನ ಪಾಲಿಗೆ ಪ್ರಾರ್ಥನೆಯೇ ಸಾಕು ಮಗಳೇ ಎಂದು ನಮ್ರತೆಯಿಂದ ಒಳಗೆ ಹೋಗಿ ಮರಿಯಮ್ಮನವರ ಚಿತ್ರದ ಮುಂದೆ ಮೊಣಕಾಲೂರಿದಳು. ಅವಳ ತ್ಯಾಗವನ್ನು ಕಂಡು ಸ್ವರ್ಗದಲ್ಲಿ ದೇವದೂತರು ಹರ್ಷಿಸಿದರು.’

ದೇವದೂತರಿಗೆ ಬೇರೆ ಕೆಲಸ ಇರಲಿಲ್ಲವೇ? ಒಬ್ಬ ಹೆಂಗಸನ್ನು ಅಡುಗೆಕೋಣೆಗೆ ಅಟ್ಟಿದ್ದಕ್ಕೆ ಸ್ವರ್ಗದಲ್ಲಿ ಹಬ್ಬವೇ? ಆ ಮಧ್ಯಾಹ್ನ ನಾನು ಮಕ್ಕಳಿಗೆ ಏನು ಪಾಠ ಮಾಡಿದೆನೋ ನೆನಪಿಲ್ಲ. ಆ ಸಾಲುಗಳು ಮಾತ್ರ ಇವತ್ತಿಗೂ ಬಾಯಿಪಾಠ ಬರುತ್ತವೆ. ನನ್ನವೇ ಎಷ್ಟೋ ಸಾಲುಗಳು ಮರೆತುಹೋಗಿವೆ, ಈ ಹಾಳು ಸಾಲುಗಳು ಮರೆಯುವುದಿಲ್ಲ.

ಶನಿವಾರ ಮನೆಗೆ ಓಡಿದೆ. ಹಿಂದಿನ ವಾರ ಶಾಲೆಯ ಕೆಲಸದಿಂದ ನಾನು ಮನೆಗೆ ಬಂದಿರಲಿಲ್ಲ; ತಾಯಿಗೆ ಪತ್ರಿಕೆ ಆ ಆದಿತ್ಯವಾರವೇ ಸಿಕ್ಕಿತ್ತು. ಓದಿ ಮುಗಿಸಿದ್ದು ಮಾತ್ರವಲ್ಲ, ನೆರೆಮನೆಯ ಹೆಂಗಸರನ್ನು ಕೂರಿಸಿ ಓದಿ ಹೇಳಿಯೂ ಆಗಿತ್ತು. ನಾನು ಚಪ್ಪಲಿ ಬಿಡುವುದರೊಳಗೆ ಅವಳ ಕಣ್ಣು ತುಂಬಿತು.

“ಓದುವಾಗ ನನ್ನ ಬೆರಳು ಸಾಲು ಬಿಟ್ಟು ಮುಂದೆ ಓಡ್ತಾ ಇತ್ತು ಪುತಾ. ಅವಳು ಹೊಯ್ದೇ ಬಿಡ್ತಾಳೆ, ಹಾಗಾದ್ರೆ ನಾನೂ ಹೊಯ್ಯಬಹುದು ಅಂತ ಆಸೆ ಆಯ್ತು. ಆಗ ಅವಳು ಕೈ ಹಿಂದೆ ತೆಗೆದಳು. ನೀನು ನನಗೆ ಹೇಳಿದ್ದು ಅರ್ಥ ಆಯ್ತು.”

“ಮಾಂಯ್, ಅದು ನಾನು ಬರೆದದ್ದಲ್ಲ. ಕೊನೆ ಬದಲಾಯಿಸಿದ್ದಾರೆ.”

ತಾಯಿ ಪತ್ರಿಕೆ ತಂದು ನನ್ನ ಹೆಸರಿನ ಮೇಲೆ ಬೆರಳಿಟ್ಟಳು. “ಇದು ನಿನ್ನ ಹೆಸರಲ್ವಾ?”

“ಹೆಸರು ನನ್ನದೇ.”

“ಮತ್ತೆ?” ಎಂದು ಅವಳು ಅದನ್ನು ಮಡಚಿ ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟಳು.

ಆಸೆ ಆಯ್ತು ಎಂದಳಲ್ಲ, ಆ ಮಾತು ನನ್ನನ್ನು ಸುಟ್ಟುಬಿಟ್ಟಿತು. ಇಷ್ಟು ವರ್ಷ ಅವಳು ಆಸೆಯನ್ನೇ ಒಪ್ಪಿಕೊಂಡಿರಲಿಲ್ಲ. ನನ್ನ ಕತೆ ಆ ಆಸೆಯನ್ನು ಹೊರಗೆ ತಂದಿತು, ಪಾದ್ರಿಗಳ ಮೂರು ವಾಕ್ಯ ಅದನ್ನು ಹೊಸಕಿ ಹಾಕಿತು. ಪಾಸ್ಕದ ಸಂಚಿಕೆಯಲ್ಲಿ ನನ್ನ ಕೊನೆ ಅಚ್ಚಾದರೆ ಮಾತ್ರ ಅವಳು ಬಟ್ಟಲು ಮುಟ್ಟುವಳು. ಬೇರೆ ದಾರಿ ನನಗೆ ಕಾಣಲಿಲ್ಲ.

ಮಾರ್ಚಿನಲ್ಲಿ ಮೂಡಬಿದ್ರೆಯಲ್ಲಿ ಎರಡು ದಿನದ ಕ್ರೈಸ್ತ ಲೇಖಕರ ಸಮ್ಮೇಳನ ಇತ್ತು. ಸಂಪಾದಕರು ಅಲ್ಲಿಗೆ ಬರುವವರಿದ್ದರು. ಬೆಳ್ತಂಗಡಿಯಿಂದ ಬಸ್ಸು ಹಿಡಿದು, ಮೈಯೆಲ್ಲ ಕೆಂಪು ಧೂಳಾಗಿ ಇಳಿದೆ. ಸಮ್ಮೇಳನ ಒಂದು ಶಾಲೆಯ ಸಭಾಂಗಣದಲ್ಲಿ. ಬೆಂಚು ಸಾಲದೆ ಪಕ್ಕದ ಜೈನ ವ್ಯಾಪಾರಿಯೊಬ್ಬರ ಮನೆಯಿಂದ ಕುರ್ಚಿ ತಂದಿದ್ದರು. ಆ ಕುರ್ಚಿಗಳಲ್ಲಿ ಗಂಡಸರು ಕೂತರು. ಹೆಂಗಸರು ನಾವು ಮೂವರು, ನಾನು ಮತ್ತು ಇಬ್ಬರು ಕನ್ಯಾಸ್ತ್ರೀಯರು. ನಮಗೆ ಕೊಟ್ಟ ಸಾಹಿತ್ಯಸೇವೆ ಎಂದರೆ ಆರಂಭದ ಗೀತೆ ಹಾಡುವುದು, ಹನ್ನೊಂದು ಗಂಟೆಗೆ ಕಾಫಿ ಹಂಚುವುದು.

ನನ್ನ ಪರಿಚಯದ ಒಬ್ಬರು ಹೆಡ್‌ಮಾಸ್ಟ್ರು ಬಂದಿದ್ದರು. ಸಂತರ ಜೀವನದ ಮೇಲೆ ನಾಟಕ ಬರೆಯುವವರು, ಇಂಥ ಸಮ್ಮೇಳನಗಳಲ್ಲಿ ಪಳಗಿದವರು. ನಾನು ಬಂದ ಕಾರಣ ಕೇಳಿ ತಲೆ ಅಲ್ಲಾಡಿಸಿದರು.

“ಇಲ್ಲಿ ಬರೆಯುವುದು ದೊಡ್ಡದಲ್ಲ ಟೀಚರೇ, ಗುರ್ತ ಮಾಡಿಕೊಳ್ಳುವುದು ದೊಡ್ಡದು. ಮೊದಲು ಅವರ ಸಂಪಾದಕೀಯ ಚಂದ ಆಗಿದೆ ಅಂತ ಹೇಳಿ. ಊಟಕ್ಕೆ ಹತ್ತಿರ ಕೂತುಕೊಳ್ಳಿ. ಏನಾದ್ರೂ ತಂದಿದ್ದೀರಾ?”

“ಏನು ತರಬೇಕಿತ್ತು?”

ಅವರು ವೇದಿಕೆಯ ಮಗ್ಗುಲು ತೋರಿಸಿದರು. ಅಲ್ಲಿ ಹಲಸಿನ ಹಪ್ಪಳದ ಕಟ್ಟು, ಗೇರುಬೀಜದ ಚೀಲ, ಕಾಲು ಕಟ್ಟಿ ಹಾಕಿದ್ದ ಎರಡು ಕೋಳಿ. ಎಲ್ಲ ಲೇಖಕರು ಸಂಪಾದಕರಿಗೆ ತಂದದ್ದು. ತಪಸ್ಸು ಕಾಲ, ಮಾಂಸ ತಿನ್ನುವ ಹಾಗಿಲ್ಲ. ಆ ಕೋಳಿಗಳನ್ನು ಪಾಸ್ಕದವರೆಗೆ ಸಾಕಿ ತಿನ್ನಲಿ ಎಂದು ತಂದಿದ್ದರೋ ಏನೋ. ಆರಂಭದ ಪ್ರಾರ್ಥನೆಯುದ್ದಕ್ಕೂ ಅವು ಕೊಕ್ಕೊಕ್ಕೋ ಎನ್ನುತ್ತಲೇ ಇದ್ದವು. ಆ ಸಭಾಂಗಣದಲ್ಲಿ ತಮಗನಿಸಿದ್ದನ್ನು ಗಟ್ಟಿಯಾಗಿ ಹೇಳಿದ್ದು ಅವೆರಡೇ.

ಸಂಪಾದಕ ಪಾದ್ರಿಗಳು ಮಾತಿಗೆ ಎದ್ದರು. ಸಣಕಲು ಮನುಷ್ಯ, ಶುಭ್ರ ನಿಲುವಂಗಿ, ಮಗುವನ್ನು ಮಲಗಿಸುವಂಥ ಮೆತ್ತಗಿನ ಸ್ವರ. ಆ ಸ್ವರದ ಎದುರು ಸಿಟ್ಟು ಮಾಡುವುದೇ ಕಷ್ಟ. ವಿಷಯ, ಕತೆ ಹೇಗೆ ಮುಗಿಯಬೇಕು ಎಂಬುದು.

“ಸುಖಾಂತ್ಯವೋ ದುಃಖಾಂತ್ಯವೋ ಎನ್ನುವುದು ಲೋಕದ ಲೇಖಕರ ಚಿಂತೆ. ನಮ್ಮ ಕತೆ ಪುಣ್ಯಾಂತ್ಯವಾಗಬೇಕು,” ಎಂದರು. ಆಮೇಲೆ ಪತ್ರಿಕೆ ಬಿಡಿಸಿ, ಉದಾಹರಣೆಗೆಂದು ನನ್ನ ಕತೆಯ ಕೊನೆಯನ್ನು ಓದಿದರು. ತಾವೇ ಬರೆದ ಸಾಲುಗಳನ್ನು, ನನ್ನ ಹೆಸರು ಹೇಳಿ, ನನ್ನ ಕಡೆ ಕೈ ತೋರಿಸಿ, ದೇವದೂತರ ಹತ್ತಿರ ಬರುವಾಗ ಸ್ವರ ಇನ್ನೂ ಮೆತ್ತಗೆ ಮಾಡಿ ಓದಿದರು. ಚಪ್ಪಾಳೆ ಬಿತ್ತು.

ನಾನು ಎದ್ದು ನಿಂತೆ. “ಆ ಸಾಲುಗಳು ನನ್ನವಲ್ಲ, ಫಾದರ್.”

ಹಿಂದಿನಿಂದ ಹೆಡ್‌ಮಾಸ್ಟ್ರು, ‘ಕೂತುಕೊಳ್ಳಿ ಮಾರಾಯ್ರೆ’ ಎಂದು ಪಿಸುಗುಟ್ಟಿದರು. ಸಂಪಾದಕರು ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ಅವರ ಮುಖ ಅರಳಿತು.

“ನೋಡಿದಿರಾ? ಇಷ್ಟು ಒಳ್ಳೆಯದನ್ನು ಬರೆದು, ನನ್ನದಲ್ಲ, ದೇವರದ್ದು ಎನ್ನುತ್ತಾರೆ. ಲೇಖಕರಿಗೆ ಈ ವಿನಯ ಬೇಕು.”

ಮೊದಲಿಗಿಂತ ದೊಡ್ಡ ಚಪ್ಪಾಳೆ. ನಾನು ಇನ್ನೊಮ್ಮೆ ಬಾಯಿ ತೆರೆದೆ. ಯಾರಿಗೂ ಕೇಳಲಿಲ್ಲ. ಹತ್ತಿರ ಕೂತಿದ್ದ ಕನ್ಯಾಸ್ತ್ರೀ ನನ್ನ ಕೈ ಹಿಡಿದು, ‘ದೇವರು ನಿಮ್ಮನ್ನು ಕಾಪಾಡಲಿ’ ಎಂದರು. ಜೀವಮಾನದಲ್ಲಿ ನನಗೆ ಅಷ್ಟು ಸಿಟ್ಟು ಬಂದ ದಿನ ಇನ್ನೊಂದಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ವಿನಯಕ್ಕೆ ಹೊಗಳಿದವರನ್ನು ಏನು ಮಾಡುವುದು?

ಹೊರಗೆ ಹೆಡ್‌ಮಾಸ್ಟ್ರು ನನ್ನನ್ನು ತರಾಟೆಗೆ ತೆಗೆದುಕೊಂಡರು. “ಎದ್ದು ನಿಂತು ಹೇಳುವ ಮಾತಾ ಅದು? ನನ್ನ ನಾಟಕದಲ್ಲಿ ರಾಜನ ಪಾತ್ರವನ್ನೇ ತೆಗೆದುಹಾಕಿದ್ದಾರೆ. ನಾನು ಏನಾದ್ರೂ ಹೇಳಿದೆನಾ? ಮುಂದಿನ ವರ್ಷವೂ ಅಚ್ಚಾಗಬೇಕಲ್ಲ.”

“ರಾಜ ಇಲ್ಲದೆ ನಾಟಕ ಹೇಗೆ ನಡೆಯಿತು ಮಾಸ್ಟ್ರೇ?”

“ನಡೆಯಿತು ಹೇಗೋ,” ಎಂದು ಅವರು ಎಲೆ ಹಾಕಲಿಕ್ಕೆ ಹೋದರು.

ಊಟ ಮುಗಿದ ಮೇಲೆ ಸಂಪಾದಕರು ಜಗಲಿಯಲ್ಲಿ ಕೈ ತೊಳೆಯುತ್ತಿದ್ದರು. ಬೆಣ್ಣೆ ಹಚ್ಚುವ ಮಾತು ನನ್ನ ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಫಾದರ್, ನನ್ನ ತಾಯಿ ವಿಧವೆ. ಪಾಸ್ಕ ಕಳೆದು ತಂಗಿಯ ರೋಸ್ ಉಂಟು. ತಾಯಿ ಹೊಯ್ಯಲಿ ಅಂತಲೇ ಆ ಕತೆ ಬರೆದದ್ದು. ಈಗ ನಿಮ್ಮ ಕೊನೆ ಓದಿ, ಹೊಯ್ಯುವುದಿಲ್ಲ ಅಂತ ಕೂತಿದ್ದಾರೆ. ನಾನು ಬರೆದದ್ದನ್ನು ಬರುವ ಸಂಚಿಕೆಯಲ್ಲಿ ಹಾಕಬೇಕು.”

ಅವರು ವಸ್ತ್ರದಿಂದ ಕೈ ಒರೆಸಿಕೊಳ್ಳುತ್ತಾ ಯೋಚಿಸಿದರು. “ವಿಧವೆ ಹೊಯ್ಯಬಾರದು ಅಂತ ಧರ್ಮಸಭೆ ಎಲ್ಲಿಯೂ ಹೇಳಿಲ್ಲ. ಅದು ಬರೀ ನಮ್ಮ ಜನರ ಪದ್ಧತಿ.”

“ಆ ಮಾತನ್ನೇ ಅಚ್ಚು ಹಾಕಿ. ಅಷ್ಟು ಸಾಕು.”

“ಹಾಕಿದ್ರೆ ಜನಕ್ಕೆ ನೋವಾಗ್ತದೆ. ಎಲ್ಲರ ಮನೆಗೆ ಹೋಗುವ ಪತ್ರಿಕೆ.”

“ನನ್ನ ತಾಯಿ ಜನ ಅಲ್ವಾ ಫಾದರ್?”

ಅವರು ಸ್ವರ ಸ್ವಲ್ಪವೂ ಏರಿಸದೆ ವಸ್ತ್ರ ಮಡಚಿದರು. “ನಾನು ಹೇಳಿದ್ದೇನೆ ಅಂತ ನಿಮ್ಮ ತಾಯಿಗೆ ಹೇಳಿ. ನಂಬ್ತಾರೆ. ಮತ್ತೆ, ಕ್ರಿಸ್ಮಸ್ ಸಂಚಿಕೆಗೆ ನಿಮ್ಮದೊಂದು ಕತೆ ಬೇಕು. ಕೊನೆಯ ಬಗ್ಗೆ ತಲೆಬಿಸಿ ಮಾಡ್ಬೇಡಿ, ಅದನ್ನು ನಾವು ನೋಡಿಕೊಳ್ತೇವೆ.”

ಎರಡನೆಯ ದಿನ ನಾನು ನಿಲ್ಲಲಿಲ್ಲ. ಮೂಡಬಿದ್ರೆಯಿಂದ ಸಿದ್ಧಕಟ್ಟೆಗೆ ಬರುವ ಸಂಜೆಯ ಬಸ್ಸು ಹತ್ತಿದೆ. ಮನೆಗೆ ಬಂದಾಗ ತಾಯಿ ಮಾವಿನ ಮಿಡಿಗಳನ್ನು ಉಪ್ಪುನೀರಿನ ಭರಣಿಗೆ ಹಾಕುತ್ತಿದ್ದಳು. ಪಾದ್ರಿಗಳು ಹೇಳಿದ್ದನ್ನು ಹೇಳಿದೆ. ಧರ್ಮಸಭೆಗೆ ಅಡ್ಡಿ ಇಲ್ಲ, ಅದು ಬರೀ ಪದ್ಧತಿ ಎಂದು ಅವರ ಬಾಯಿಂದಲೇ ಬಂದಿದೆ ಎಂದೆ.

“ನಿನ್ನನ್ನು ಸಮಾಧಾನ ಮಾಡ್ಲಿಕ್ಕೆ ಹೇಳಿರಬೇಕು,” ಎಂದಳು ತಾಯಿ. “ನಿಜ ಆದ್ರೆ ಅಚ್ಚು ಹಾಕುತ್ತಿದ್ದರು.”

“ಹಾಕಲಿಕ್ಕೆ ಅವರಿಗೆ ಧೈರ್ಯ ಇಲ್ಲ.”

“ಪಾದ್ರಿಗಳನ್ನು ಹಾಗೆ ಹೇಳ್ಬಾರ್ದು.” ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಾ ಅವಳು ನನ್ನ ಮುಖ ನೋಡಿದಳು. “ನಿನ್ನ ಕತೆಗಳಲ್ಲೆಲ್ಲ ಅದರ ಕೊನೆಯೇ ಚಂದ. ಯಾಕೆ ನಿನಗೇ ಅದು ಬೇಡ?”

ನಾನು ನನ್ನ ಹಸ್ತಪ್ರತಿಯ ಕರಡು ತಂದು ಮುಂದೆ ಹಿಡಿದೆ. ಕೈಬರಹ ಅವಳಿಗೆ ಓದಲು ಬರುತ್ತಿರಲಿಲ್ಲ. ನಾನೇ ಓದಿದೆ. ಬಟ್ಟಲು ಎತ್ತುವುದು, ಹೊಯ್ಯುವುದು, ನಾಯಿ ಏಳದಿರುವುದು. ಅವಳು ಕೇಳಿ, ‘ಇದು ನೀನು ಈಗ ಬರೆದದ್ದು’ ಎಂದಳು. ತಂಗಿಯೂ ಬಂದು, ‘ಇಲ್ಲ ಮಾಂಯ್, ಮೊದಲೇ ಬರೆದದ್ದು, ನನಗೆ ಓದಿ ಹೇಳಿದ್ದಾಳೆ’ ಎಂದು ವಾದಿಸಿದಳು. ‘ನೀವಿಬ್ಬರೂ ಒಟ್ಟಾಗಿದ್ದೀರಿ’ ಎಂದು ತಾಯಿ ನಕ್ಕಳು. ಅಚ್ಚು ನಮ್ಮಿಬ್ಬರಿಗಿಂತ ದೊಡ್ಡದಾಗಿತ್ತು.

ಪಾಸ್ಕದ ಸಂಚಿಕೆ ಬಂತು. ನನ್ನ ಕೊನೆ ಅದರಲ್ಲಿರಲಿಲ್ಲ. ಬದಲಿಗೆ ಸಮ್ಮೇಳನದ ವರದಿ ಇತ್ತು. ಅದರಲ್ಲಿ, ತನ್ನ ಪ್ರತಿಭೆಯನ್ನೆಲ್ಲ ದೇವರಿಗೆ ಒಪ್ಪಿಸಿದ ನಮ್ರ ಲೇಖಕಿ ಎಂದು ನನ್ನ ಬಗ್ಗೆ ಬರೆದಿದ್ದರು. ತಾಯಿ ಅದನ್ನೂ ಬೆರಳಿಟ್ಟು ಓದಿದಳು. ಅಲ್ಲಿಗೆ ಅವಳ ಅನುಮಾನ ಪೂರ್ತಿ ಹೋಯಿತು.

ರೋಸಿನ ಸಂಜೆ ಅಂಗಳದಲ್ಲಿ ಚಪ್ಪರ, ತುಂಬ ಜನ. ಅಡುಗೆಕೋಣೆಯಲ್ಲಿ ತಾಯಿ ಬೆಳಗಿನಿಂದ ತೆಂಗಿನಕಾಯಿ ತುರಿದಿದ್ದಳು, ಕಲ್ಲಿನಲ್ಲಿ ಅರೆದಿದ್ದಳು, ಬಟ್ಟೆಯಲ್ಲಿ ಹಾಕಿ ಹಿಂಡಿದ್ದಳು. ಬೇರೆಯವರಿಗೆ ಮುಟ್ಟಲೂ ಬಿಟ್ಟಿರಲಿಲ್ಲ. ಹಿಂಡಿದರೆ ಅಶುಭವಿಲ್ಲ, ಹೊಯ್ದರೆ ಮಾತ್ರ ಅಶುಭ! ಮೊಣಕೈಯವರೆಗೆ ಅವಳ ಕೈ ಹಾಲಿನಿಂದ ಬೆಳ್ಳಗಾಗಿತ್ತು. ಬಟ್ಟಲು ತುಂಬಿದ ಮೇಲೆ ಅದನ್ನು ಹೊಸಿಲ ಈಚೆ ಇಟ್ಟು ಹಿಂದೆ ಸರಿದಳು. ನಾನು ಅವಳ ಕೈ ಹಿಡಿದು ಎಳೆದೆ. ಅವಳು ಬಾಗಿಲಿನ ದಾರಂದವನ್ನು ಗಟ್ಟಿಯಾಗಿ ಹಿಡಿದುಕೊಂಡು, “ನನ್ನನ್ನು ಪಾಪಕ್ಕೆ ಹಾಕ್ಬೇಡ ಪುತಾ” ಎಂದಳು. ಅಷ್ಟು ಹೊತ್ತಿಗೆ ಅತ್ತೆ ಬಂದು ಬಟ್ಟಲು ಎತ್ತಿಕೊಂಡು ಹೋದಳು.

ಹಾಡು ಸುರುವಾಯಿತು. ಅತ್ತೆ ತಂಗಿಯ ತಲೆಗೆ ಹಾಲು ಹೊಯ್ದಳು. ಅದು ಕಣ್ಣಿಗೆ ಇಳಿದು ತಂಗಿ ಕಣ್ಣು ಮುಚ್ಚಿಕೊಂಡಳು. ಅವಳಿಗೆ ಯಾರು ಹೊಯ್ಯುತ್ತಿದ್ದಾರೆಂದು ಕಾಣುವಂತಿರಲಿಲ್ಲ. ನಾನು ಹತ್ತಿರ ನಿಂತಿದ್ದೆ.

“ಅಕ್ಕ, ಈಗ ಹೊಯ್ದದ್ದು ಮಾಂಯಾ?” ಎಂದು ಕೇಳಿದಳು.

ಹೌದು ಎನ್ನಬಹುದಿತ್ತು. ಕತೆ ಕಟ್ಟುವವಳಿಗೆ ಅದೇನು ಕಷ್ಟ? ಅವಳು ಸಮಾಧಾನವಾಗಿ ಗಂಡನ ಮನೆಗೆ ಹೋಗುತ್ತಿದ್ದಳು. ಆದರೆ ಚಂದದ ಕೊನೆಗಳು ನನಗೆ ಆ ತಿಂಗಳು ಸಾಕು ಸಾಕಾಗಿ ಹೋಗಿದ್ದವು.

“ಅಲ್ಲ. ಅತ್ತೆ,” ಎಂದೆ.

ತಂಗಿ ಎರಡೂ ಕೈಯನ್ನು ತಲೆಯ ಮೇಲೆ ಅಡ್ಡ ಹಿಡಿದಳು. “ಮಾಂಯ್ ಬರಲಿ. ಬಾರದೆ ನಾನು ಇನ್ನೊಂದು ತೊಟ್ಟು ಹೊಯ್ಸಿಕೊಳ್ಳುವುದಿಲ್ಲ.”

ಹಾಡು ನಿಂತಿತು. ಒಬ್ಬಳು ಹೆಂಗಸು ಅಡುಗೆಕೋಣೆಗೆ ಓಡಿದಳು. ತಿರುಗಿ ಬಂದು ಎಲ್ಲರಿಗೂ ಕೇಳುವ ಹಾಗೆ, “‘ಅಕ್ಕನ ಕತೆ ಓದು ಅಂತ ಅವಳಿಗೆ ಹೇಳಿ’ ಅಂತ ತಾಯಿ ಅಂದಳು” ಎಂದಳು. ಚಪ್ಪರದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಕೆಲವರು ಮೆಚ್ಚುಗೆಯಿಂದ ತಲೆದೂಗಿದರು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಿದ್ದರೆ ಒಳ್ಳೆಯದಿತ್ತು.

ಆಗ ತಂಗಿ ಕಣ್ಣು ಮುಚ್ಚಿಕೊಂಡೇ ಕಿರುಚಿದಳು. “ಅದು ಅಕ್ಕ ಬರೆದದ್ದಲ್ಲ! ಕೊನೆ ಬರೆದದ್ದು ಫಾದರ್!”

ನಾನು ಸಮ್ಮೇಳನದಲ್ಲಿ ಹೇಳಲಾಗದ ಮಾತು ಅದು. ಇಡೀ ಊರಿನ ಎದುರಿಗೆ, ಯಾರೂ ವಿನಯವೆಂದು ತಪ್ಪು ತಿಳಿಯಲಾರದ ಹಾಗೆ, ಸ್ಪಷ್ಟವಾಗಿ ಹೊರಬಿದ್ದಿತ್ತು. ಅಡುಗೆಕೋಣೆಯ ಬಾಗಿಲಲ್ಲಿ ತಾಯಿಯ ಸೀರೆಯ ಅಂಚು ಕಂಡಿತು. ಅವಳಿಗೂ ಕೇಳಿಸಿತ್ತು. ಈಗ ಬರುತ್ತಾಳೆ ಎಂದು ನಾನು ಆ ಬಾಗಿಲನ್ನೇ ನೋಡುತ್ತಿದ್ದೆ.

“ಫಾದರೇ ಬರೆದದ್ದಾದ್ರೆ ಮತ್ತೆ ಮಾತೇನು ಉಂಟು?” ಎಂದಳು ಅತ್ತೆ. ತಂಗಿಯ ಕೈಗಳನ್ನು ಪಕ್ಕಕ್ಕೆ ಸರಿಸಿ ಬಟ್ಟಲು ಎತ್ತಿದಳು. ಬಾಗಿಲಲ್ಲಿದ್ದ ಸೀರೆಯ ಅಂಚು ಒಳಗೆ ಹೋಯಿತು. ಹೆಂಗಸರು ನಿಲ್ಲಿಸಿದ್ದ ಹಾಡನ್ನು ನಿಲ್ಲಿಸಿದ ಕಡೆಯಿಂದಲೇ ಎತ್ತಿಕೊಂಡರು.